ಮೂಸಿ ಪ್ರವಾಹದಿಂದ ಭದ್ರಾವತಿ ಕಾರ್ಖಾನೆವರೆಗೆ: ಸ್ಥಳೀಯರ ಕೈಗೆ ಹೊಣೆ ಕೊಟ್ಟ ಸರ್ ಎಂವಿ

ಸರ್ ಎಂ. ವಿಶ್ವೇಶ್ವರಯ್ಯ ಎಂದ ಕೂಡಲೇ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವೇ ಎಂಜಿನಿಯರ್‌ಗಳ ದಿನವಾಗಿ ಆಚರಿಸುತ್ತದೆ. ಆದರೆ ಸ್ಥಳೀಯರನ್ನೇ ತಯಾರು ಮಾಡಿ ಅವರ ಮೇಲೆ ಹೊಣೆ ಹೊರಿಸಿದ ಅವರ ಕಾರ್ಯಶೈಲಿ ಅಷ್ಟಾಗಿ ಚರ್ಚೆಯಾಗಿಲ್ಲ.

ಹೈದರಾಬಾದ್‌ನಲ್ಲಿ ಏನಾಯ್ತು?

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್‌ನಲ್ಲಿ ಸುಮಾರು 15 ಸಾವಿರ ಮಂದಿ ಮೃತಪಟ್ಟರು. ಬಾಂಬೆ ಪ್ರಾಂತ್ಯದ ಸೇವೆ ತೊರೆದು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯ ಅವರಿಗೆ ನಿಜಾಂ ಸರ್ಕಾರದಿಂದ ಕರೆ ಬಂತು. 1909ರಲ್ಲಿ ಬಂದ ಅವರು ಮೊದಲು ಕಾರಣ ಹುಡುಕಿದರು. ಜಲಾನಯನ ಪ್ರದೇಶದ 788 ಕೆರೆಗಳ ಪೈಕಿ 221 ಒಡೆದಿದ್ದವು. ನಗರದ ಮೇಲ್ಭಾಗದಲ್ಲಿ ನೀರು ತಡೆಯುವ ಜಲಾಶಯಗಳೇ ಪರಿಹಾರ ಎಂದು ವರದಿ ಕೊಟ್ಟರು.

ಅದೇ ವರ್ಷದ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೊರಟರು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಕಟ್ಟಿ ಮುಗಿಸಿದವರು ಅಲ್ಲಿನ ಎಂಜಿನಿಯರ್‌ಗಳು ಮತ್ತು ಕಾರ್ಮಿಕರು.

ಭದ್ರಾವತಿಯ ಅಗ್ನಿಪರೀಕ್ಷೆ

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರಿಗೆ ದೊಡ್ಡ ಸವಾಲು ಎದುರಾಗಿದ್ದು 1923ರಲ್ಲಿ. ಭದ್ರಾವತಿ ಕಬ್ಬಿಣದ ಕಾರ್ಖಾನೆ ಆಗಷ್ಟೇ ಉತ್ಪಾದನೆ ಆರಂಭಿಸಿತ್ತು. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದಿತ್ತು. ಹತ್ತಿರದಲ್ಲಿ ಕಲ್ಲಿದ್ದಲು ಇಲ್ಲದೆ ಇದ್ದಿಲಿನಲ್ಲೇ ಕುಲುಮೆ ಉರಿಯಬೇಕಿತ್ತು. ನಷ್ಟ ಏರುತ್ತಿತ್ತು.

ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡ ವಿಶ್ವೇಶ್ವರಯ್ಯ ಖರ್ಚಿಗೆ ಕಡಿವಾಣ ಹಾಕಿದರು. ದುಬಾರಿ ಸಂಬಳದ ಅಮೆರಿಕನ್ ತಜ್ಞರ ಜಾಗಕ್ಕೆ ಹಂತಹಂತವಾಗಿ ಭಾರತೀಯರನ್ನು ತಂದರು. ಹೊಣೆ ಕೊಟ್ಟರೂ ಶಿಸ್ತಿನಲ್ಲಿ ರಿಯಾಯಿತಿ ಕೊಡಲಿಲ್ಲ. 1929ರಲ್ಲಿ ಅವರು ಹೊರಬರುವ ಹೊತ್ತಿಗೆ ಕಾರ್ಖಾನೆ ತನ್ನ ಕಾಲ ಮೇಲೆ ನಿಂತಿತ್ತು.

ಸಂಭಾವನೆ ಎಲ್ಲಿಗೆ ಹೋಯಿತು?

ಈ ಕೆಲಸಕ್ಕೆ ಸಂದಾಯವಾಗಬೇಕಿದ್ದ ಹಣವನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ಕುಶಲಕರ್ಮಿಗಳನ್ನು ತರಬೇತುಗೊಳಿಸುವ ಸಂಸ್ಥೆಗೆ ಮೀಸಲಿಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯೇ ಇಂದಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್.

1955ರಲ್ಲಿ ಭಾರತರತ್ನ ಪಡೆದ ವಿಶ್ವೇಶ್ವರಯ್ಯ 1962ರ ಏಪ್ರಿಲ್‌ನಲ್ಲಿ ನಿಧನರಾದರು. ಭದ್ರಾವತಿ ಕಾರ್ಖಾನೆಗೆ ಈಗ ಅವರದೇ ಹೆಸರಿದೆ. ಅದನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ, ಉಳಿಸಿಕೊಳ್ಳಲು ಬೀದಿಗಿಳಿದವರು ಅಲ್ಲಿನ ಕಾರ್ಮಿಕರೇ.