ಭೂವಿಜ್ಞಾನಿ ಬ್ರೂಸ್ ಫೂಟ್

ಹಾಸನ ಜಿಲ್ಲೆಯ ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಸೀಮೆಯ ಕರಿಬಂಡೆಗಳನ್ನು ಎಷ್ಟು ಒಡೆದರೂ ಅವುಗಳೊಳಗೆ ಪ್ರಾಣಿಯ ಒಂದು ಎಲುಬೂ ದೊರೆಯದು. ಅವುಗಳಲ್ಲಿ ಕೆಲವು 300 ಕೋಟಿ ವರ್ಷಗಳಿಗೂ ಹಿಂದಿನವು. ಕಾವೇರಿಯ ದಡದಲ್ಲಿ ಇಂದಿಗೂ ಬಿಸಿಲು ಕಾಯುವ ಮೊಸಳೆಯ ಆದಿವಂಶ ಭೂಮಿಯಲ್ಲಿ ತಲೆದೋರಿದುದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಆ ವಂಶದ ಹಳೆಯ ಎಲುಬುಗಳನ್ನು ಉತ್ತರದ ಶಿವಾಲಿಕ ಬೆಟ್ಟಗಳ ಪದರಗಳು ಧಾರಾಳವಾಗಿ ಕಾಪಾಡಿಕೊಂಡಿವೆ. ನಮ್ಮ ನಾಡಿನ ಬಂಡೆಗಳು ಅಷ್ಟು ಉದಾರಿಗಳಲ್ಲ. ಇಲ್ಲಿ ಹಿಂದೆ ಬಾಳಿದ ಪ್ರಾಣಿಗಳ ಗುರುತನ್ನು ಹಳ್ಳಕೊಳ್ಳಗಳ ಮಣ್ಣಿನಲ್ಲಿ ಅರಸಬೇಕು. ಹಾಗೆ ಅರಸಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಪ್ರಮುಖರು.

ಫೂಟ್ ಅವರು 1834ರಲ್ಲಿ ಇಂಗ್ಲೆಂಡಿನ ಚೆಲ್ಟನಮ್ ಎಂಬಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ದಕ್ಷಿಣ ಭಾರತಕ್ಕೆ ಬಂದರು. ಅವರ ಕೆಲಸ ಶಿಲೆಗಳನ್ನು ಪರೀಕ್ಷಿಸಿ ನಕ್ಷೆ ಬರೆಯುವುದು. ಆದರೆ ಕಾಲಡಿಯ ಜಲ್ಲಿಯನ್ನೂ ಅವರು ಕಡೆಗಣಿಸುತ್ತಿರಲಿಲ್ಲ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಅವರಿಗೆ ಒಂದು ಕಲ್ಲು ಸಿಕ್ಕಿತು. ಅದು ಆದಿಮಾನವನು ಕೆತ್ತಿದ ಕೈಗೊಡಲಿಯಾಗಿತ್ತು. ಭಾರತದ ಪ್ರಾಗಿತಿಹಾಸದ ಅಧ್ಯಯನ ಅಲ್ಲಿಂದ ಆರಂಭವಾಯಿತೆನ್ನಬಹುದು.

ಮುಂದೆ ಅವರ ಕಾರ್ಯಕ್ಷೇತ್ರ ಬೆಳಗಾವಿಯ ಕಡೆಗೆ ಹಬ್ಬಿತು. ಗೋಕಾಕದ ಸಮೀಪದ ಹಳ್ಳವೊಂದರ ಬದಿಯಲ್ಲಿ ಕೆಲವು ಹಲ್ಲುಗಳೂ ಎಲುಬಿನ ತುಂಡುಗಳೂ ದೊರೆತವು. ಅವು ಎತ್ತಿನವಲ್ಲ, ಎಮ್ಮೆಯವೂ ಅಲ್ಲ. ಫೂಟರು ಶಿಲೆಗಳ ಪಂಡಿತರು. ಎಲುಬುಗಳ ವಿದ್ಯೆ ಬೇರೆಯೇ. ಆದರೂ ಅವರು ಆ ಚೂರುಗಳನ್ನು ಕೈಬಿಡಲಿಲ್ಲ. ಖಡ್ಗಮೃಗದ ದವಡೆಹಲ್ಲಿನ ಮಡಿಕೆಗಳು ಒಂದೊಂದು ಜಾತಿಯಲ್ಲಿ ಒಂದೊಂದು ಬಗೆಯಾಗಿರುತ್ತವೆ. ಅದರ ಆಧಾರದ ಮೇಲೆ ಇದು ಅದುವರೆಗೆ ತಿಳಿಯದಿದ್ದ ಖಡ್ಗಮೃಗವೆಂದು ನಿರ್ಣಯಿಸಿ, 1874ರಲ್ಲಿ ದಖನ್ನಿನ ಹೆಸರನ್ನೇ ಅದಕ್ಕಿಟ್ಟು ವಿವರಣೆಯನ್ನು ಪ್ರಕಟಿಸಿದರು. ಇಂದು ಕನ್ನಡಿಗನು ಖಡ್ಗಮೃಗವನ್ನು ನೋಡಬೇಕಾದರೆ ಮೃಗಾಲಯಕ್ಕೋ ದೂರದ ಅಸ್ಸಾಮಿಗೋ ಹೋಗಬೇಕು. ವರ್ಷವಿಡೀ ನೀರನ್ನೂ ಹಸುರು ಮೇವನ್ನೂ ಬಯಸುವ ಆ ಪ್ರಾಣಿ ಒಮ್ಮೆ ಗೋಕಾಕದ ಬಯಲಿನಲ್ಲಿ ಮೇಯುತ್ತಿತ್ತೆಂದರೆ, ಆ ಬಯಲು ಅಂದು ಇಂದಿನಂತೆ ಇದ್ದಿರಲಾರದು. ಕೆಲವೇ ಹಲ್ಲುಗಳು ಇಷ್ಟನ್ನು ಹೇಳಿದವು!

ಬಳ್ಳಾರಿಯ ಸಂಗನಕಲ್ಲು ಗುಡ್ಡದಲ್ಲಿ ನೂತನ ಶಿಲಾಯುಗದ ಜನರು ಕಲ್ಲಿನ ಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನೂ ಫೂಟರು ಗುರುತಿಸಿದರು. ಮೈಸೂರು ಸೀಮೆಯಲ್ಲಿಯೂ ಸಂಚರಿಸಿ, ಚಿನ್ನದ ಎಳೆಗಳನ್ನು ಹುದುಗಿಸಿಕೊಂಡ ಶಿಲಾಪಟ್ಟಿಗಳನ್ನು ಪರೀಕ್ಷಿಸಿದರು. ಅಂತಹ ಶಿಲೆಗಳಿಗೆ ಅವರು ಕೊಟ್ಟ ಧಾರವಾಡವೆಂಬ ಹೆಸರು ಭೂವಿಜ್ಞಾನದ ಗ್ರಂಥಗಳಲ್ಲಿ ಇಂದಿಗೂ ಉಳಿದಿದೆ.

1891ರಲ್ಲಿ ಅವರು ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದರು. ನಾಲ್ಕು ದಶಕಗಳ ಕಾಲ ಕೂಡಿಸಿದ ಕಲ್ಲಿನ ಆಯುಧಗಳೂ ಮಡಕೆಯ ಚೂರುಗಳೂ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. ಪ್ರತಿಯೊಂದು ವಸ್ತುವೂ ಎಲ್ಲಿ ದೊರೆಯಿತೆಂಬುದನ್ನು ನಮೂದಿಸಿ ಅವರು ಪಟ್ಟಿಯನ್ನು ಸಿದ್ಧಪಡಿಸಿದರು. ಅದು ಅಚ್ಚಾದುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು; ಪಟ್ಟಿಯ ಸಂಪುಟಗಳು 1914 ಮತ್ತು 1916ರಲ್ಲಿ ಹೊರಬಂದವು.