ಶ್ರೀಮತಿ ಹ್ಯಾರಿಯೆಟ್ ಬೀಚರ್ ಸ್ಟೋ

ಕಥೆಯನ್ನು ಪೂರ್ತಿಯಾಗಿ ಬರೆದು ಅಚ್ಚಿಗೆ ಕೊಡುವುದು ಒಂದು ಬಗೆ. ಮುಂದಿನ ವಾರ ಏನಾಗುವುದೋ ಎಂದು ಓದುಗರು ಕಾದಿರಲು ಕಂತುಕಂತಾಗಿ ಬರೆಯುತ್ತ ಹೋಗುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಅಚ್ಚಾದುದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ; ಮನೆಯಲ್ಲಿ ಕಾಯಿಲೆಯಿದ್ದರೂ ವಾರವು ನಿಲ್ಲುವುದಿಲ್ಲ. ಈ ಕಠಿನವಾದ ಬಗೆಯಿಂದಲೇ ಒಂದು ದೇಶದ ಮನಸ್ಸಾಕ್ಷಿಯನ್ನು ಕಲಕಿದ ಗೃಹಿಣಿಯೊಬ್ಬಳ ಜೀವಿತವನ್ನು ನಮ್ಮ ಶಾಲೆಯ ಸಹೋದರಿಯರಿಗೆ ಸಂಕ್ಷೇಪವಾಗಿ ತಿಳಿಸಬಯಸುತ್ತೇವೆ.

ಹ್ಯಾರಿಯೆಟಳು 1811ನೆಯ ಇಸವಿ ಜೂನ್ 14ರಂದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಜನಿಸಿದಳು. ತಂದೆಯವರಾದ ಲೈಮನ್ ಬೀಚರರು ಹೆಸರುವಾಸಿಯಾದ ಬೋಧಕರು. ಐದು ವರ್ಷದ ಪ್ರಾಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಬಾಲೆಯು, ಅಕ್ಕ ಕ್ಯಾಥರಿನಳು 1823ರಲ್ಲಿ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಸ್ಥಾಪಿಸಿದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿತು, ಬಳಿಕ ಅಲ್ಲಿಯೇ ಉಪಾಧ್ಯಾಯಿನಿಯಾಗಿ ಪ್ರಬಂಧರಚನೆಯನ್ನು ಬೋಧಿಸಿದಳು.

1832ರಲ್ಲಿ ಕುಟುಂಬವು ಸಿನ್ಸಿನಾಟಿ ನಗರಕ್ಕೆ ಹೋಗಿ ನೆಲೆಸಿತು. 1836ರಲ್ಲಿ ಅಲ್ಲಿಯ ದೇವಜ್ಞಾನಶಾಲೆಯ ಪಂಡಿತರಾದ ಕ್ಯಾಲ್ವಿನ್ ಸ್ಟೋ ಎಂಬವರೊಡನೆ ಆಕೆಯ ವಿವಾಹವಾಯಿತು. ನಗರದ ಬಳಿ ಹರಿಯುವ ಓಹಾಯೋ ನದಿಯ ಈಚೆಯ ದಡದಲ್ಲಿ ದಾಸತ್ವವಿರಲಿಲ್ಲ. ಆಚೆಯ ಕೆಂಟಕಿಯಲ್ಲಿ ಮನುಷ್ಯರನ್ನು ದನಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. ನದಿಯನ್ನು ದಾಟಿ ಓಡಿಬಂದವರ ಸಂಕಟವನ್ನು ಆಕೆಯು ಕಿವಿಯಾರೆ ಕೇಳಿದಳು. ಪತಿಯ ಸಂಬಳವು ಸ್ವಲ್ಪ. ಮಕ್ಕಳು ಒಟ್ಟು ಏಳು ಮಂದಿ. ಅಡಿಗೆಮನೆಗೂ ತೊಟ್ಟಿಲಿಗೂ ನಡುವೆ ದೊರೆತ ಹೊತ್ತಿನಲ್ಲಿ ಪತ್ರಿಕೆಗಳಿಗೆ ಸಣ್ಣ ಕಥೆಗಳನ್ನು ಬರೆದು ಸಂಸಾರಕ್ಕೆ ಸಹಾಯ ಮಾಡುತ್ತಿದ್ದಳು. ತಾನು ಬರೆಯಬೇಕಾದರೆ ತನ್ನದೇ ಆದ ಒಂದು ಕೋಣೆಯು ಬೇಕೆಂದು ಪತಿಗೆ ಕಾಗದ ಬರೆದುದೂ ಉಂಟು.

1849ರಲ್ಲಿ ಆ ನಗರಕ್ಕೆ ಕಾಲರಾ ಬಂದು, ಒಂದೂವರೆ ವರ್ಷದ ಗಂಡುಕೂಸನ್ನು ಆಕೆಯ ಮಡಿಲಿನಿಂದ ಕೊಂಡೊಯ್ದಿತು. ಹರಾಜಿನಲ್ಲಿ ಕೂಸನ್ನು ಕಳೆದುಕೊಳ್ಳುವ ದಾಸಿಯ ಎದೆಯುರಿಯು ಎಂಥದೆಂಬುದು ಆಗ ಆಕೆಗೆ ತಿಳಿಯಿತು. ಮರುವರ್ಷ ಕುಟುಂಬವು ಮೇನ್ ಸಂಸ್ಥಾನದ ಬ್ರನ್ಸ್‌ವಿಕ್ಕಿಗೆ ಬಂದಿತು. ಅದೇ 1850ರಲ್ಲಿ, ಓಡಿಹೋದ ದಾಸರಿಗೆ ಆಶ್ರಯ ಕೊಡುವವರನ್ನು ದಂಡಿಸುವ ಕಾನೂನು ಜಾರಿಯಾಯಿತು. ಅದರ ವಿರುದ್ಧ ಲೇಖನಿಯನ್ನು ಹಿಡಿಯೆಂದು ಬಾಸ್ಟನ್ನಿನಲ್ಲಿದ್ದ ಅತ್ತಿಗೆಯು ಕಾಗದ ಬರೆದಳು.

1851ರ ಆರಂಭದಲ್ಲಿ, ದೇವಾಲಯದಲ್ಲಿ ಕರ್ತನ ಭೋಜನದ ಸಮಯದಲ್ಲಿ, ಹೊಡೆತದಿಂದ ಸಾಯುತ್ತಿರುವ ಒಬ್ಬ ವೃದ್ಧ ದಾಸನು ಹೊಡೆದವರನ್ನು ಕ್ಷಮಿಸುವ ನೋಟವು ಆಕೆಯ ಮನಸ್ಸಿಗೆ ಕಟ್ಟಿತು. ಮನೆಗೆ ಬಂದು ಅದನ್ನು ಬರೆದಿಟ್ಟು, ಮಕ್ಕಳಿಗೆ ಓದಿ ಹೇಳಿದಳು, ಮಕ್ಕಳು ಅತ್ತರು. ಇದು ಕಥೆಯ ಕೊನೆಗೆ ಸೇರುವ ಭಾಗ. ಮೊದಲಾಗಲಿ ನಡುವಾಗಲಿ ಇನ್ನೂ ಹುಟ್ಟಿರಲಿಲ್ಲ!

ವಾಷಿಂಗ್ಟನ್ನಿನ ನ್ಯಾಷನಲ್ ಈರಾ ಎಂಬ ವಾರಪತ್ರಿಕೆಯ ಸಂಪಾದಕರಾದ ಗಮೇಲಿಯಲ್ ಬೇಲಿಯವರಿಗೆ, ಕಥೆಯು ಮೂರು ನಾಲ್ಕು ಸಂಚಿಕೆಗಳಲ್ಲಿ ಮುಗಿಯುವುದೆಂದು ಆಕೆಯು ತಿಳಿಸಿದ್ದಳು. ಜೂನ್ 5ರಂದು ಆರಂಭವಾದ ಅಂಕಲ್ ಟಾಮ್ಸ್ ಕ್ಯಾಬಿನ್ ಮುಗಿದುದು 1852ನೆಯ ಏಪ್ರಿಲ್ 1ರಂದು! ಮನೆಯಲ್ಲಿ ವರ್ಷ ತುಂಬದ ಹಸುಗೂಸು; ಪತ್ರಿಕೆಯಿಂದ ದೊರೆತ ಸಂಭಾವನೆ 300 ಡಾಲರು. ಕೆಲವು ವಾರ ಹಸ್ತಪ್ರತಿಯು ಬಾರದೆ ಕಥೆಯಿಲ್ಲದೆಯೇ ಪತ್ರಿಕೆಯು ಹೊರಟಿತು.

ಇಷ್ಟು ಬೆಳೆದ ಕಥೆಯು ದಾರಿ ತಪ್ಪದೆ ಉಳಿದುದು ಹೇಗೆಂದು ನಾವು ವಿಚಾರಿಸಬೇಕು. ಮುಟ್ಟಬೇಕಾದ ಊರು ಕಣ್ಣೆದುರಿಗಿದ್ದವನಿಗೆ ಹಾದಿಯು ಉದ್ದವಾದರೆ ಭಯವಿಲ್ಲ. ಇದಲ್ಲದೆ ಆಕೆಯು ಕಥೆಗೆ ಎರಡು ಹಾದಿಗಳನ್ನು ಮಾಡಿದಳು. ಎಲೈಜಳು ಮಗುವನ್ನು ಅವಚಿಕೊಂಡು ನದಿಯ ಮಂಜುಗಡ್ಡೆಗಳ ಮೇಲೆ ನೆಗೆಯುತ್ತ ಉತ್ತರಕ್ಕೆ ಸ್ವಾತಂತ್ರ್ಯದ ಕಡೆ ಓಡುವಳು. ಟಾಮನು ಮಾರಲ್ಪಟ್ಟು ದಕ್ಷಿಣಕ್ಕೆ ಮರಣದ ಕಡೆ ಸಾಗುವನು. ಒಬ್ಬರ ಸಂಗತಿಯನ್ನು ತುದಿಗಾಲಿನಲ್ಲಿ ನಿಲ್ಲಿಸಿ ಇನ್ನೊಬ್ಬರ ಕಡೆಗೆ ತಿರುಗಿದುದರಿಂದ ಓದುಗರ ಕಾತರವು ಆರಲಿಲ್ಲ. ನಡುನಡುವೆ ಕಥೆಯನ್ನು ತಡೆದು, ಓದುವ ತಾಯಂದಿರನ್ನೇ ನೇರವಾಗಿ ಸಂಬೋಧಿಸಿ, ಆ ಕೂಸು ನಿಮ್ಮದಾಗಿದ್ದರೆ ಏನು ಮಾಡುವಿರೆಂದು ಕೇಳಿದಳು. ಕಾತರವು ಕೇವಲ ವಿನೋದವಾಗದೆ ಕರುಣೆಯಾಗಿ ಮಾರ್ಪಟ್ಟುದು ಹೀಗೆ.

ಕೊನೆಯ ಕಂತು ಬರುವ ಮೊದಲೇ, ಮಾರ್ಚ್ 20ರಂದು, ಗ್ರಂಥವು ಎರಡು ಸಂಪುಟಗಳಲ್ಲಿ ಪ್ರಕಟವಾಗಿ, ಒಂದು ವರ್ಷದೊಳಗೆ ಅಮೆರಿಕದಲ್ಲಿಯೇ ಸುಮಾರು 3,00,000 ಪ್ರತಿಗಳು ವ್ಯಯವಾದವು. ಎಲ್ಲವೂ ಸುಳ್ಳೆಂದು ದಾಸರ ಒಡೆಯರು ಕೂಗಿದಾಗ, 1853ರಲ್ಲಿ ಆಧಾರಗಳನ್ನೆಲ್ಲ ಕೂಡಿಸಿ ಇನ್ನೊಂದು ಗ್ರಂಥವನ್ನೇ ಮುಂದಿಟ್ಟಳು. 1865ರಲ್ಲಿ ದಾಸತ್ವವು ಆ ದೇಶದ ರಾಜ್ಯಾಂಗದಿಂದಲೇ ನಿಷಿದ್ಧವಾಯಿತು.

ಗುಣವನ್ನು ಹೇಳಿದ ನಾವು ಕೊರತೆಯನ್ನೂ ಮುಚ್ಚಬಾರದು. 1861ರಲ್ಲಿ ಆಕೆಯು ಎರಡು ಧಾರಾವಾಹಿಗಳನ್ನು ಏಕಕಾಲದಲ್ಲಿ ಹೊತ್ತುಕೊಂಡು, ದಿ ಪರ್ಲ್ ಆಫ್ ಆರ್ಸ್ ಐಲೆಂಡ್ ಎಂಬುದನ್ನು ತಿಂಗಳುಗಟ್ಟಲೆ ನಡುವಿನಲ್ಲಿಯೇ ನಿಲ್ಲಿಸಬೇಕಾಯಿತು. ಮತ್ತೆ ಮುಂದುವರಿಸಿದಾಗ ಮೊದಲಿನ ಸೊಗಸು ಬರಲಿಲ್ಲವೆಂದು ರಸಜ್ಞರ ಮತ. ಇದಕ್ಕಿಂತ ಹಿರಿದಾದ ಆಕ್ಷೇಪಣೆಯನ್ನು ಕರಿಯ ಜನಾಂಗದವರೇ ಎತ್ತಿದ್ದಾರೆ. ಬಿಡುಗಡೆ ಹೊಂದಿದವರನ್ನು ಕಥೆಯ ಕೊನೆಯಲ್ಲಿ ಆಫ್ರಿಕದ ಲೈಬೀರಿಯಕ್ಕೆ ಕಳುಹಿಸಿದುದನ್ನು ಅವರ ಮುಖಂಡರು ಆಗಲೇ ಖಂಡಿಸಿದರು. ನಾಟಕಮಂಡಲಿಗಳವರು ಟಾಮನನ್ನು ಹಲ್ಲುಗಿಂಜುವ ಆಳಾಗಿ ಮಾಡಿದುದರಿಂದ ಆತನ ಹೆಸರೇ ಕಾಲಾಂತರದಲ್ಲಿ ಬೈಗುಳಾಯಿತು. ಗ್ರಂಥದ ಟಾಮನಾದರೋ, ಅಡಗಿದ್ದ ಸ್ತ್ರೀಯರ ಗುಟ್ಟನ್ನು ಬಿಟ್ಟುಕೊಡದೆ ಪ್ರಾಣವನ್ನೇ ಕೊಟ್ಟವನು.

ಶ್ರೀಮತಿ ಸ್ಟೋ 1896ನೆಯ ಜುಲೈ 1ರಂದು ಹಾರ್ಟ್‌ಫರ್ಡಿನಲ್ಲಿ ದೈವಾಧೀನಳಾದಳು. ನಮ್ಮ ಬಾಲಿಕೆಯರಲ್ಲಿ ಕಥೆ ಬರೆಯುವ ಆಸೆಯುಳ್ಳವರು ಅನೇಕರಿರುವರು. ಬಿಡುವಿಲ್ಲ, ಕೋಣೆಯಿಲ್ಲ ಎಂಬ ಕಾರಣದಿಂದ ಅವರು ಲೇಖನಿಯನ್ನು ಕೆಳಗಿಡದಿರಲಿ. ಯಾವ ನೋವನ್ನು ನೆನೆದರೆ ತಮ್ಮ ಕೈಯು ಸುಮ್ಮನಿರಲಾರದೋ ಅದನ್ನು ಮೊದಲು ಬರೆದಿಟ್ಟುಕೊಂಡು, ಬಳಿಕ ವಾರಕ್ಕೆ ಒಂದೆರಡು ಪುಟದಂತೆ ಅದರ ಕಡೆಗೆ ನಡೆಯಲಿ ಎಂಬುದೇ ನಮ್ಮ ಹಾರೈಕೆ.