ಬೆಂಗಳೂರಿನ 'ಮೈಕೋ' ಹಿಂದಿನ ಮನುಷ್ಯ: ಡೀಸೆಲ್ ಕಾರಿಗೆ ಪಂಪ್ ಕೊಟ್ಟ ರಾಬರ್ಟ್ ಬಾಷ್

ಅಹಮದಾಬಾದ್‌ನ ಗ್ಯಾರೇಜ್ ಇರಲಿ, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆ ಇರಲಿ, ಹಳೆಯ ಡೀಸೆಲ್ ಕಾರಿಗೆ ದೊಡ್ಡ ಟರ್ಬೊ ಹಾಕಿಸಲು ಹೋದರೆ ಒಳ್ಳೆಯ ಮೆಕ್ಯಾನಿಕ್ ಮೊದಲು ನೋಡುವುದು ಫ್ಯೂಯೆಲ್ ಪಂಪನ್ನು. ಟರ್ಬೊ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುತ್ತದೆ, ಅಷ್ಟೇ. ಆ ಗಾಳಿಗೆ ತಕ್ಕಷ್ಟು ಡೀಸೆಲ್ ಕೊಡಬೇಕಾದದ್ದು ಪಂಪ್. ಕಡಿಮೆ ಕೊಟ್ಟರೆ ಟರ್ಬೊಗೆ ಹಾಕಿದ ದುಡ್ಡು ದಂಡ. ಅಳತೆ ಮೀರಿದರೆ ಕಪ್ಪು ಹೊಗೆ, ವಿಪರೀತ ಬಿಸಿ, ಕೊನೆಗೆ ಪಿಸ್ಟನ್ನೇ ಕರಗಬಹುದು.

ಈ ಪಂಪನ್ನು ವಾಹನಗಳಿಗೆ ಹೊಂದುವಂತೆ ಮಾಡಿ ಮಾರುಕಟ್ಟೆಗೆ ತಂದವರು ರಾಬರ್ಟ್ ಬಾಷ್.

ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ಜರ್ಮನಿಯ ಉಲ್ಮ್ ಸಮೀಪದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಕೆಲಸ ಕಲಿತ ಮೇಲೆ ಅಮೆರಿಕಕ್ಕೆ ಹೋಗಿ ಎಡಿಸನ್ ಕಂಪನಿಯಲ್ಲಿ ದುಡಿದರು. 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸ್ವಂತ ವರ್ಕ್‌ಶಾಪ್ ತೆರೆದಾಗ ಜೊತೆಗಿದ್ದವರು ಒಬ್ಬ ಮೆಕ್ಯಾನಿಕ್, ಒಬ್ಬ ಹುಡುಗ. ಆರಂಭದ ವರ್ಷಗಳು ಕಷ್ಟದವು. ಬಾಷ್ ಸೈಕಲ್ ತುಳಿದುಕೊಂಡೇ ಗಿರಾಕಿಗಳ ಬಳಿ ಹೋಗುತ್ತಿದ್ದರು.

ದುಡ್ಡು ತಂದುಕೊಟ್ಟದ್ದು ಪೆಟ್ರೋಲ್ ಎಂಜಿನ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ. 1906ರಲ್ಲೇ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಯ ಕೆಲಸ ಜಾರಿಗೆ ಬಂತು. ಉಳಿದ ಮಾಲೀಕರು ಇವರನ್ನು 'ಕೆಂಪು ಬಾಷ್' ಎಂದು ಹಂಗಿಸಿದರು. ಆದರೂ 1913ರಲ್ಲಿ ಅದೇ ಕಾರ್ಖಾನೆಯಲ್ಲಿ ಮುಷ್ಕರ ನಡೆಯಿತು.

ಇನ್ನು ಡೀಸೆಲ್. ರುಡಾಲ್ಫ್ ಡೀಸೆಲ್ ಅವರ ಎಂಜಿನ್ 1897ರಲ್ಲೇ ಯಶಸ್ವಿಯಾಗಿತ್ತು. ಆದರೆ ಇಂಧನವನ್ನು ಒಳಗೆ ಊದಲು ಭಾರಿ ಕಂಪ್ರೆಸರ್ ಬೇಕಿತ್ತು. ಹಡಗಿಗೆ, ಕಾರ್ಖಾನೆಗೆ ಸರಿ, ಕಾರಿನಲ್ಲಿ ಎಲ್ಲಿಡುವುದು? 1921ರಲ್ಲಿ ಬಾಷ್ ತಮ್ಮ ಒಬ್ಬನೇ ಮಗನನ್ನು ಕಳೆದುಕೊಂಡಿದ್ದರು. ಮರುವರ್ಷದ ಕೊನೆಯಲ್ಲಿ ಅವರ ಕಂಪನಿ ಪಂಪಿನ ಕೆಲಸಕ್ಕೆ ಕೈಹಾಕಿತು. ಕಷ್ಟವಿದ್ದದ್ದು ಪಂಪಿನೊಳಗಿನ ಪ್ಲಂಜರ್‌ನಲ್ಲಿ. ಅದಕ್ಕೂ ಅದರ ಕೊಳವೆಗೂ ನಡುವೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟು ಜಾಗ. ಸ್ವಲ್ಪ ಸಡಿಲವಾದರೂ ಒತ್ತಡ ಸೋರಿಹೋಗುತ್ತದೆ. ಐದು ವರ್ಷ ಹಿಡಿಯಿತು. 1927ರಲ್ಲಿ ಪಂಪ್ ಸಾಲಾಗಿ ತಯಾರಾಗತೊಡಗಿತು. ಮೊದಲು ಲಾರಿಗಳಿಗೆ, 1936ರಲ್ಲಿ ಮರ್ಸಿಡಿಸ್-ಬೆಂಜ್ 260 ಡಿ ಎಂಬ ಡೀಸೆಲ್ ಕಾರಿಗೂ ಬಂತು. 2.6 ಲೀಟರ್ ಎಂಜಿನ್, ಶಕ್ತಿ ಬರೀ 45 ಕುದುರೆ! ಟರ್ಬೊ ಹಾಕಿಸುವವರ ಆಸೆ ಅರ್ಥವಾಗುತ್ತದೆ.

ಕೊನೆಯ ವರ್ಷಗಳು ಅಷ್ಟು ಸರಳವಲ್ಲ. ಹಿಟ್ಲರ್ ಆಡಳಿತವನ್ನು ಬಾಷ್ ಒಪ್ಪುತ್ತಿರಲಿಲ್ಲ. ಹಿಟ್ಲರ್ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ 1937ರಲ್ಲಿ ಕಂಪನಿಯಲ್ಲಿ ಸಲಹೆಗಾರನ ಕೆಲಸ ಕೊಟ್ಟು ಆಸರೆಯಾದರು. ಯಹೂದಿಗಳ ನೆರವಿಗೂ ಹಣ ಹೋಯಿತು. ಆದರೆ ಅದೇ ಕಂಪನಿ ಹಿಟ್ಲರನ ಸೇನೆಗೆ ಸರಕು ಪೂರೈಸಿತು; ಯುದ್ಧಕಾಲದಲ್ಲಿ ಸಾವಿರಾರು ಜನರನ್ನು ಬಲವಂತವಾಗಿ ದುಡಿಸಿಕೊಂಡಿತು. ಎರಡೂ ನಿಜ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಬಾಷ್ ಕಥೆ ಅರ್ಧವಾಗುತ್ತದೆ. 1942ರ ಮಾರ್ಚ್ 12ರಂದು ತೀರಿಕೊಂಡಾಗ ನಾಜಿ ಸರ್ಕಾರ ಅವರಿಗೆ ಸರ್ಕಾರಿ ಗೌರವದ ಅಂತ್ಯಸಂಸ್ಕಾರ ಮಾಡಿಸಿತು. ಗೋರ್ಡೆಲರ್‌ನನ್ನು 1945ರಲ್ಲಿ ಅದೇ ಸರ್ಕಾರ ಗಲ್ಲಿಗೇರಿಸಿತು.

ಬಾಷ್ ತೀರಿಕೊಂಡ ಒಂಬತ್ತು ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ಅದೇ ನಮ್ಮ ಮೈಕೋ. ಸ್ಪಾರ್ಕ್ ಪ್ಲಗ್ ಜೊತೆಗೆ ಡೀಸೆಲ್ ಪಂಪ್ ಕೂಡ ಇಲ್ಲೇ ತಯಾರಾಗಿ ದೇಶದ ಲಾರಿ, ಟ್ರ್ಯಾಕ್ಟರ್‌ಗಳಿಗೆ ಹೋಯಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯಿತು. ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟ್ ಆಗಿಯೇ ಇದೆ.